ಯುದ್ಧದ ನಿರ್ಧಾರ ಯಾರದು?

ಯುದ್ಧಕ್ಕೆ ಆಜ್ಞೆ ನೀಡುವವನು ಒಬ್ಬ. ಪ್ರಾಣ ತೆರುವವರು ಸಹಸ್ರಾರು ಮಂದಿ. ಆದುದರಿಂದ ಅದರ ನಿರ್ಧಾರವನ್ನು ಒಬ್ಬನ ಇಚ್ಛೆಗೆ ಬಿಡುವುದು ಉಚಿತವಲ್ಲ. ಇದನ್ನರಿತೇ ಅಮೆರಿಕದ ಸಂವಿಧಾನಕರ್ತರು 1787ರಲ್ಲಿ ಸೈನ್ಯದ ನಾಯಕತ್ವವನ್ನು ರಾಷ್ಟ್ರಾಧ್ಯಕ್ಷನಿಗೆ ಒಪ್ಪಿಸಿ, ಯುದ್ಧ ಸಾರುವ ಅಧಿಕಾರವನ್ನು ಅಲ್ಲಿನ ಶಾಸನಸಭೆಯಾದ ಕಾಂಗ್ರೆಸ್ಸಿಗೆ ಮೀಸಲಿಟ್ಟರು.

ಕಾಲಕ್ರಮದಲ್ಲಿ ಈ ಕಟ್ಟು ಸಡಿಲವಾಯಿತು. ವಿಯೆಟ್ನಾಮಿನ ಮೇಲೆ ಕಾಂಗ್ರೆಸ್ಸು ಯುದ್ಧವನ್ನು ವಿಧಿವತ್ತಾಗಿ ಸಾರಲೇ ಇಲ್ಲ. 1964ರಲ್ಲಿ ಅದು ಅಂಗೀಕರಿಸಿದ ಒಂದು ನಿರ್ಣಯವನ್ನು ಆಧಾರವಾಗಿಟ್ಟುಕೊಂಡು ಅಧ್ಯಕ್ಷ ಜಾನ್ಸನ್ನರು ಲಕ್ಷಾಂತರ ಸೈನಿಕರನ್ನು ಕಳುಹಿಸಿದರು. ಆ ನಿರ್ಣಯದ ವಿರುದ್ಧ ಮತ ನೀಡಿದವರು ಇಬ್ಬರೇ ಸೆನೆಟರುಗಳು! ಯುದ್ಧದಲ್ಲಿ 58,000ಕ್ಕೂ ಹೆಚ್ಚು ಅಮೆರಿಕನ್ನರೂ ಲಕ್ಷೋಪಲಕ್ಷ ವಿಯೆಟ್ನಾಮೀಯರೂ ಮಡಿದರು.

ಈ ಕಹಿ ಅನುಭವದ ಫಲವೇ 1973ರ ಯುದ್ಧಾಧಿಕಾರ ನಿರ್ಣಯ. ಅಧ್ಯಕ್ಷ ನಿಕ್ಸನ್ನರು ತಿರಸ್ಕರಿಸಿದರೂ ಕಾಂಗ್ರೆಸ್ಸು ಅದನ್ನು ಮೂರನೆಯ ಎರಡಕ್ಕೂ ಮೀರಿದ ಬಹುಮತದಿಂದ ಕಾನೂನಾಗಿಸಿತು. ಅದರಂತೆ ಅಧ್ಯಕ್ಷನು ಸೇನೆಯನ್ನು ಕದನಕ್ಕಿಳಿಸಿದ 48 ಗಂಟೆಗಳೊಳಗೆ ವರದಿ ಸಲ್ಲಿಸಬೇಕು. ಕಾಂಗ್ರೆಸ್ಸಿನ ಒಪ್ಪಿಗೆ ದೊರೆಯದಿದ್ದರೆ 60 ದಿನಗಳಲ್ಲಿ ಕದನ ನಿಲ್ಲಬೇಕು. ಸೇನೆಯ ಸುರಕ್ಷಿತ ವಾಪಸಾತಿಗೆ ಇನ್ನು 30 ದಿನಗಳ ಅವಕಾಶವುಂಟು.

ಶತ್ರು ಎರಗಿದಾಗ ಚರ್ಚೆಗೆ ಸಮಯವೆಲ್ಲಿ ಎಂದು ಕೆಲವರು ಕೇಳುವುದುಂಟು. ತುರ್ತು ರಕ್ಷಣೆಯನ್ನು ಈ ಕಾನೂನು ತಡೆಯುವುದಿಲ್ಲ. ದೀರ್ಘಯುದ್ಧಕ್ಕೆ ಮಾತ್ರ ಜನಪ್ರತಿನಿಧಿಗಳ ಸಮ್ಮತಿಯನ್ನು ಬೇಡುತ್ತದೆ.

ಆದರೂ 2011ರಲ್ಲಿ ಲಿಬಿಯದ ಮೇಲಿನ ಕಾರ್ಯಾಚರಣೆ 60 ದಿನಗಳನ್ನು ಮೀರಿತು. ಕಾನೂನಿನ ಅರ್ಥದಲ್ಲಿ ಅದು ಕದನವೇ ಅಲ್ಲವೆಂದು ಅಧ್ಯಕ್ಷ ಒಬಾಮರ ಸರ್ಕಾರ ವಾದಿಸಿತು. ಕಾಂಗ್ರೆಸ್ಸು ಸಮ್ಮತಿಯನ್ನೂ ಕೊಡಲಿಲ್ಲ, ಹಣವನ್ನೂ ತಡೆಹಿಡಿಯಲಿಲ್ಲ. ಬೇಲಿ ಹಾಕಿದ ಮಾತ್ರಕ್ಕೆ ಹೊಲ ಉಳಿಯದು, ಕಾವಲುಗಾರನೂ ಎಚ್ಚರವಾಗಿರಬೇಕು. ಪ್ರಜಾಪ್ರಭುತ್ವದಲ್ಲಿ ಆ ಕಾವಲು ಜನಪ್ರತಿನಿಧಿಗಳದು. ಅವರನ್ನು ಎಚ್ಚರಿಸುವ ಹೊಣೆ ಪ್ರಜೆಗಳದು.