ರಸೀದಿ ಇಲ್ಲದೆ ಅಜ್ಜನ ಕಡತ ಕೊಡಬೇಡಿ

ನವೆಂಬರ್ ಹತ್ತಿರ ಬಂತೆಂದರೆ ಹಳ್ಳಿ ಮನೆಗಳ ಅಟ್ಟಕ್ಕೆ ಇದ್ದಕ್ಕಿದ್ದಂತೆ ಬೆಲೆ ಬರುತ್ತದೆ. ರಾಜ್ಯೋತ್ಸವ, ತಾಲೂಕು ಸಾಹಿತ್ಯ ಸಮ್ಮೇಳನ, ಶಾಲೆಯ ಶತಮಾನೋತ್ಸವ, ಊರ ಜಾತ್ರೆ, ಯಾವುದೇ ಇರಲಿ, ಪೆಂಡಾಲಿನ ಒಂದು ಮೂಲೆಯಲ್ಲಿ ವಸ್ತುಪ್ರದರ್ಶನ ಇರಲೇಬೇಕು. ಸಮಿತಿಯವರು ಬೈಕಿನಲ್ಲಿ ಬರುತ್ತಾರೆ. ‘ನಿಮ್ಮನೇಲಿ ತಾತನ ಕಾಲದ ತಾಳೆಗರಿ ಇತ್ತಲ್ಲ, ಎರಡು ದಿನ ಕೊಡಿ ಯಜಮಾನ್ರೇ, ನಮ್ಮೂರ ಹೆಸರು ಬರುತ್ತೆ’ ಅಂತಾರೆ. ಮನೆಯವರಿಗೂ ಹೆಮ್ಮೆ. ಟ್ರಂಕು ತೆಗೆದು ಕೊಟ್ಟೇಬಿಡುತ್ತಾರೆ. ಚೀಟಿ ಇಲ್ಲ, ಸಹಿ ಇಲ್ಲ, ಎಷ್ಟು ಗರಿ ಇದ್ದವು ಎಂಬ ಎಣಿಕೆಯೂ ಇಲ್ಲ.

ನಾವು ನೇರವಾಗಿ ಹೇಳುತ್ತೇವೆ. ರಸೀದಿ ಕೊಡದವರ ಕೈಗೆ ಹಳೆಯ ಕಾಗದ ಕೊಡಬೇಡಿ. ನಕಲು ಸಾಕಾಗುವ ಕಡೆ ಅಸಲು ಇಡಲು ಬಿಡಬೇಡಿ. ಕೇಳಲು ಬಂದವರು ಶಾಸಕರ ಕಡೆಯವರಾಗಿರಲಿ, ನಿಮ್ಮ ಭಾವನೇ ಆಗಿರಲಿ, ಮಾತು ಒಂದೇ.

ಪೆಂಡಾಲಿನಲ್ಲಿ ನಾವು ಕಂಡದ್ದು

ವರದಿಗೆಂದು ನಾವು ಹೋದ ಒಂದು ಸಮ್ಮೇಳನದಲ್ಲಿ ತಾಳೆಗರಿ ಕಟ್ಟಿನ ದಾರ ಬಿಚ್ಚಿ, ಗರಿಗಳನ್ನು ಥರ್ಮಾಕೋಲ್ ಹಲಗೆಗೆ ಗುಂಡುಪಿನ್ನಿನಿಂದ ಚುಚ್ಚಿದ್ದರು. ಮೇಲೆ ಅರಿಶಿನ ಕುಂಕುಮ, ಹೂವಿನ ಹಾರ. ಪಕ್ಕದಲ್ಲಿ ಹಳೆಯ ಕ್ರಯಪತ್ರವೊಂದಕ್ಕೆ ನಾಲ್ಕೂ ಮೂಲೆಗೆ ಗಮ್ ಟೇಪ್. ಸಂಜೆ ಪೆಂಡಾಲ್ ಬಿಚ್ಚುವಾಗ ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುಂಬಿದರು. ಯಾವುದು ಯಾರ ಮನೆಯದು ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ತಾಳೆಗರಿಯ ತೂತಿಗೆ ಪೋಣಿಸಿದ ದಾರ ಅಲಂಕಾರಕ್ಕೆ ಇರುವುದಲ್ಲ. ಅದೇ ಆ ಪುಸ್ತಕದ ಹೊಲಿಗೆ. ದಾರ ಬಿಚ್ಚಿ ಗರಿಗಳು ಕಲಸಿಹೋದರೆ, ಹಳೆಯ ಲಿಪಿ ಓದಬಲ್ಲವರು ಬಂದು ಕೂತು ಜೋಡಿಸಬೇಕು. ಅಂಥವರು ನಿಮ್ಮ ಹೋಬಳಿಯಲ್ಲಿ ಎಷ್ಟು ಜನ ಇದ್ದಾರೆ? ಎರಡು ಗರಿ ಕಳೆದುಹೋದರಂತೂ ಯಾರೂ ಏನೂ ಮಾಡಲಾರರು.

ಕಡತದ ಕಥೆ ಇನ್ನೂ ನಾಜೂಕು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದದ್ದು ಅದು. ಸ್ಲೇಟಿನ ಬರಹದ ಹಾಗೆ, ಒದ್ದೆ ಕೈ ತಾಗಿದರೆ ಅಳಿಸುತ್ತದೆ. ಅದರ ಮಡಿಕೆಗಳನ್ನು ಎಳೆದು ಹಗ್ಗಕ್ಕೆ ನೇತುಹಾಕಿದರೆ ಮಡಿಕೆಯಲ್ಲೇ ಬಿರುಕು ಬಿಡುತ್ತದೆ. ಪ್ರಸಾದ ತಿಂದ ಕೈಯಲ್ಲೇ ಜನ ಮುಟ್ಟಿ ನೋಡುತ್ತಾರೆ. ಅವರ ತಪ್ಪೇನೂ ಇಲ್ಲ. ಮುಟ್ಟುವ ಹಾಗೆ ಇಟ್ಟವರ ತಪ್ಪು.

ಬೆಳಕೂ ತಿನ್ನುತ್ತದೆ

ಗೆದ್ದಲು ತಿನ್ನುವುದು ಎಲ್ಲರಿಗೂ ಗೊತ್ತು. ಬೆಳಕು ತಿನ್ನುವುದು ಕಣ್ಣಿಗೆ ಬೇಗ ಕಾಣುವುದಿಲ್ಲ. ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಅಳೆಯುತ್ತಾರೆ. ಹಳೆಯ ಕಾಗದ, ತಾಳೆಗರಿ, ಬಟ್ಟೆ ಇವುಗಳ ಮೇಲೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಎಂಬುದು ಮ್ಯೂಸಿಯಂಗಳು ಪಾಲಿಸುವ ಸಾಮಾನ್ಯ ನಿಯಮ. ಅದಕ್ಕೇ ಒಳ್ಳೆಯ ಮ್ಯೂಸಿಯಂಗಳ ಹಸ್ತಪ್ರತಿ ಕೋಣೆ ಮಬ್ಬಾಗಿರುತ್ತದೆ. ನಮ್ಮ ಮಟಮಟ ಮಧ್ಯಾಹ್ನದ ಬಿಸಿಲು 1 ಲಕ್ಷ ಲಕ್ಸ್‌ವರೆಗೂ ಹೋಗುತ್ತದೆ. ಲೆಕ್ಕ ಹಾಕಿ. ಅಂಥ ಬಿಸಿಲಲ್ಲಿ ಒಂದು ಗಂಟೆ ಇಟ್ಟರೆ ಬೀಳುವ ಬೆಳಕು, ಮ್ಯೂಸಿಯಂನಲ್ಲಿ ದಿನಕ್ಕೆ 8 ಗಂಟೆಯಂತೆ 250 ದಿನ ಬೀಳುವ ಬೆಳಕಿಗೆ ಸಮ. ಹೀಗೆ ಮಾಸಿದ ಶಾಯಿಗೆ ಮತ್ತೆ ಬಣ್ಣ ಬರುವುದಿಲ್ಲ.

ಇನ್ನು ‘ರಕ್ಷಣೆ’ ಮಾಡುತ್ತೇವೆ ಎನ್ನುವವರ ಲ್ಯಾಮಿನೇಷನ್. ಬಿಸಿ ಮಾಡಿ ಪ್ಲಾಸ್ಟಿಕ್ ಅಂಟಿಸಿದ ಮೇಲೆ ಅದನ್ನು ಬಿಡಿಸಲು ಹೋದರೆ ಕಾಗದವೇ ಕಿತ್ತು ಬರುತ್ತದೆ. ಸೆಲ್ಲೋಟೇಪ್ ಕೆಲವೇ ವರ್ಷಗಳಲ್ಲಿ ಹಳದಿಯಾಗಿ, ಅಂಟು ಕಾಗದದ ಒಳಕ್ಕೆ ಇಳಿದು, ಕಲೆ ಹಾಗೇ ಉಳಿಯುತ್ತದೆ. ಹರಿದ ಕಾಗದ ಹರಿದೇ ಇರಲಿ. ಅದಕ್ಕಿಂತ ಕೇಡು ಈ ರಿಪೇರಿ.

ಸಮಿತಿಯವರ ನಾಲ್ಕು ಮಾತು, ನಮ್ಮ ಉತ್ತರ

‘ಅಟ್ಟದಲ್ಲಿ ಇಲಿ ತಿನ್ನೋ ಬದಲು ನಾಲ್ಕು ಜನ ನೋಡ್ಲಿ ಬಿಡ್ರಪ್ಪ’ ಎನ್ನುತ್ತಾರೆ. ಇದರಲ್ಲಿ ನ್ಯಾಯ ಇದೆ. ಜನ ನೋಡಲೇಬೇಕು. ನಮ್ಮ ಮಕ್ಕಳು ತಮ್ಮೂರಿನ ಬರಹವನ್ನು ಕಣ್ಣಾರೆ ಕಾಣಬೇಕು. ಹಾಗಂತ ನೂರಾರು ವರ್ಷ ಉಳಿದ ವಸ್ತುವನ್ನು ಎರಡು ದಿನದಲ್ಲಿ ಮುಗಿಸುವುದು ಯಾವ ನ್ಯಾಯ?

‘ಜನಕ್ಕೆ ಅಸಲೇ ಬೇಕು’ ಎನ್ನುತ್ತಾರೆ. ಗಾಜಿನ ಹಿಂದಿನ ಕಪ್ಪು ಗರಿಯನ್ನು ನೋಡಿ ಜನ ಏನು ತಿಳಿದುಕೊಂಡು ಹೋಗುತ್ತಾರೆ? ಮೋಡಿ ಲಿಪಿ, ಹಳೆಗನ್ನಡದ ಕೂಡಕ್ಷರ ಎಷ್ಟು ಜನಕ್ಕೆ ಓದಲು ಬರುತ್ತದೆ? ಅದರ ಫೋಟೊ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಬಲ್ಲವರಿಂದ ಓದಿಸಿ, ಕೆಳಗೆ ಇಂದಿನ ಕನ್ನಡದಲ್ಲಿ ಬರೆಯಿರಿ. ಯಾವ ಕೆರೆಯ ನೀರು ಯಾರ ಗದ್ದೆಗೆ ಹೋಗುತ್ತಿತ್ತು, ಯಾವ ವರ್ಷ ಎಷ್ಟು ಖಂಡುಗ ರಾಗಿ ಬಂತು ಎಂದು ಓದಿದರೆ ಜನ ಅಲ್ಲೇ ನಿಂತುಬಿಡುತ್ತಾರೆ.

‘ದುಡ್ಡಿಲ್ಲ’ ಎನ್ನುತ್ತಾರೆ. ಆಳೆತ್ತರದ ಫ್ಲೆಕ್ಸಿಗೆ, ಶಾಲಿಗೆ, ಹಾರಕ್ಕೆ, ಡಿಜೆಗೆ ಇದೆ. ರಸೀದಿ ಪುಸ್ತಕಕ್ಕೆ ಇಲ್ಲವೇ?

‘ನಮ್ಮ ಮೇಲೆ ನಂಬಿಕೆ ಇಲ್ವಾ?’ ಎಂಬುದು ಕೊನೆಯ ಅಸ್ತ್ರ. ಡೇರಿಯಲ್ಲಿ ಅರ್ಧ ಲೀಟರ್ ಹಾಲು ಹಾಕಿದರೂ ಲೆಕ್ಕ ಬರೆಯುತ್ತಾರೆ. ಅಲ್ಲಿ ಯಾರೂ ಮುನಿಸಿಕೊಳ್ಳುವುದಿಲ್ಲ. ನೂರು ವರ್ಷದ ಕಡತಕ್ಕೆ ಚೀಟಿ ಕೇಳಿದರೆ ಮಾತ್ರ ಮರ್ಯಾದೆ ಹೋಗುತ್ತದೆಯೇ?

ಲೆಕ್ಕ ಇಡುವ ದೊಡ್ಡ ಲೈಬ್ರರಿಗಳಿಂದಲೂ ವಸ್ತು ಕಳೆದುಹೋಗುತ್ತದೆ. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಚಾರ್ಲ್ಸ್ ಡಾರ್ವಿನ್ ಕೈಯಾರೆ ಬರೆದ ಎರಡು ನೋಟುಪುಸ್ತಕಗಳನ್ನು 2000ರಲ್ಲಿ ಫೋಟೊ ತೆಗೆಯಲೆಂದು ಹೊರತೆಗೆದರು. 2001ರ ಜನವರಿಯಲ್ಲಿ ತಪಾಸಣೆ ಮಾಡಿದಾಗ ಅವು ಜಾಗದಲ್ಲಿರಲಿಲ್ಲ. 2022ರಲ್ಲಿ ಯಾರೋ ಅವನ್ನು ಒಂದು ಗುಲಾಬಿ ಬಣ್ಣದ ಚೀಲದಲ್ಲಿ ಇಟ್ಟು ಹೋದರು. ಅಲ್ಲಿ ಪಟ್ಟಿ ಇತ್ತು, ಆದ್ದರಿಂದ ಕಳೆದದ್ದಾದರೂ ಗೊತ್ತಾಯಿತು. ನಮ್ಮ ಪೆಂಡಾಲಿನಲ್ಲಿ ಕಳೆದರೆ ಕಳೆದಿದೆ ಎಂದೂ ಗೊತ್ತಾಗುವುದಿಲ್ಲ.

ಈ ಎಚ್ಚರಿಕೆ ಪರದೇಶದಿಂದ ಬಂದದ್ದೇನೂ ಅಲ್ಲ

ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು. ಪ್ರತಿ ಮಾಡಿದವರು ಎಷ್ಟೋ ಗ್ರಂಥಗಳ ಕೊನೆಯಲ್ಲಿ, ಇದನ್ನು ನೀರಿನಿಂದ, ಎಣ್ಣೆಯಿಂದ, ಸಡಿಲ ಕಟ್ಟಿನಿಂದ ಕಾಯಿರಿ ಎಂದು ಕೇಳಿಕೊಂಡಿದ್ದಾರೆ. ಜೈನರು ಶ್ರುತ ಪಂಚಮಿಯ ದಿನ ಗ್ರಂಥಗಳನ್ನು ಹೊರಗೆ ತೆಗೆದು, ಧೂಳು ಒರೆಸಿ, ಹೊಸ ಬಟ್ಟೆಯಲ್ಲಿ ಸುತ್ತಿ ಮತ್ತೆ ಒಳಗಿಡುತ್ತಾರೆ. ಹೀಗೆ ಕಾದುಕೊಂಡದ್ದರಿಂದಲೇ ಮೂಡುಬಿದಿರೆಯಲ್ಲಿ ಧವಲ ಗ್ರಂಥದ ತಾಳೆಗರಿಗಳು ಶತಮಾನಗಳ ಕಾಲ ಉಳಿದವು.

ಒಂದು ಕಟ್ಟು ತಾಳೆಗರಿಯ ಬೆಲೆ ಎಷ್ಟು ಎಂದು ಕೇಳುವವರಿಗೆ ಮೈಸೂರಿನ ಉದಾಹರಣೆ ಸಾಕು. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ಕಟ್ಟು ತಂದುಕೊಟ್ಟರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಓದಿ ನೋಡಿದರೆ ಅದು ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅದು ಅಚ್ಚಾಯಿತು. ಫ.ಗು. ಹಳಕಟ್ಟಿಯವರು ಊರೂರು ತಿರುಗಿ, ಮನೆಮನೆಗಳಲ್ಲಿದ್ದ ತಾಳೆಗರಿ ಕಟ್ಟುಗಳನ್ನು ಹುಡುಕಿ ವಚನಗಳನ್ನು ಕೂಡಿಸಿದರು. 1923ರಲ್ಲಿ ‘ವಚನ ಶಾಸ್ತ್ರ ಸಾರ’ ಹೊರಬಂತು. ಆ ಮನೆಯವರು ಯಾರೋ ಜೋಪಾನ ಮಾಡಿಟ್ಟಿದ್ದರು. ಗುಂಡುಪಿನ್ ಚುಚ್ಚಿ ಪೆಂಡಾಲಿನಲ್ಲಿ ನೇತುಹಾಕಿದ್ದರೆ ಹಳಕಟ್ಟಿಯವರಿಗೆ ಏನು ಸಿಗುತ್ತಿತ್ತು?

ಹೀಗೆ ಮಾಡಿ

ಮನೆಯವರು ಮತ್ತು ಸಮಿತಿಯವರು ಇಬ್ಬರೂ ಇದನ್ನು ವಾಟ್ಸಾಪ್‌ನಲ್ಲಿ ಇಟ್ಟುಕೊಳ್ಳಿ.

1. ರಸೀದಿ ಎರಡು ಪ್ರತಿ. ಅದರಲ್ಲಿ ಏನು ವಸ್ತು, ಎಷ್ಟು ಗರಿ ಅಥವಾ ಎಷ್ಟು ಹಾಳೆ, ಈಗಾಗಲೇ ಎಲ್ಲಿ ಹರಿದಿದೆ, ಯಾವ ದಿನ ವಾಪಸ್, ಯಾರ ಹೊಣೆ ಎಂದು ಬರೆದಿರಬೇಕು. ಇಬ್ಬರ ಸಹಿಯೂ ಇರಬೇಕು.

2. ಕೊಡುವ ಮೊದಲು ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ವಾಪಸ್ ಬಂದಾಗ ಅದನ್ನೇ ಇಟ್ಟುಕೊಂಡು ಎಣಿಸಿ ನೋಡಿ. ಹಳೆಯ ಪುಸ್ತಕವನ್ನು ಜೆರಾಕ್ಸ್ ಯಂತ್ರದ ಮೇಲೆ ಅದುಮಬೇಡಿ. ಬೆನ್ನು ಮುರಿಯುತ್ತದೆ.

3. ಪ್ರದರ್ಶನಕ್ಕೆ ಮೊದಲ ಆಯ್ಕೆ ಫೋಟೊ ಪ್ರಿಂಟ್. ಅಸಲು ಇಡಲೇಬೇಕೆಂದರೆ ಬೀಗ ಇರುವ ಗಾಜಿನ ಪೆಟ್ಟಿಗೆ, ನೆರಳಿನ ಕೋಣೆ, ಪಕ್ಕದಲ್ಲಿ ಒಬ್ಬ ಕಾವಲು. ಬಿಸಿಲು, ಫೋಕಸ್ ಲೈಟು, ದೀಪ, ಊದುಬತ್ತಿ, ನೀರು ಹತ್ತಿರ ಬೇಡ.

4. ದಾರ ಬಿಚ್ಚಬೇಡಿ. ಪಿನ್, ಗಮ್, ಟೇಪ್, ಸ್ಟೇಪ್ಲರ್ ಬೇಡ. ಪುಸ್ತಕ ತೆರೆದಿಡುವುದಾದರೆ ಎರಡೂ ಬದಿಗೆ ಮಡಚಿದ ಬಟ್ಟೆಯ ಆಸರೆ ಕೊಡಿ. ಚಪ್ಪಟೆಯಾಗಿ ಅದುಮಬೇಡಿ.

5. ಮುಟ್ಟುವವರು ಕೈ ತೊಳೆದು ಪೂರ್ತಿ ಒರೆಸಿಕೊಂಡಿರಬೇಕು. ನಂಬರ್ ಹಾಕುವುದಿದ್ದರೆ ಸುತ್ತಿದ ಬಟ್ಟೆಗೆ ಚೀಟಿ ಕಟ್ಟಿ. ವಸ್ತುವಿನ ಮೇಲೆ ಪೆನ್ ಆಡಿಸಬೇಡಿ.

6. ಪೂಜೆ ಮಾಡುವುದಾದರೆ ಪೆಟ್ಟಿಗೆಗೆ ಮಾಡಿ. ಗರಿಗೆ ಕುಂಕುಮ ಹಚ್ಚಬೇಡಿ.

ಸರ್ಕಾರದ ದುಡ್ಡಲ್ಲಿ ನಡೆಯುವ ಪ್ರದರ್ಶನಗಳಿಗೆ ನಮ್ಮ ಒತ್ತಾಯ ಬೇರೆಯೇ ಇದೆ. ತಹಶೀಲ್ದಾರರು, ಪಿಡಿಒಗಳು ಅನುದಾನ ಬಿಡುಗಡೆ ಮಾಡುವ ಮೊದಲು ಈ ರಸೀದಿ ಪುಸ್ತಕ ಕೇಳಲಿ. ಕಾರ್ಯಕ್ರಮ ಮುಗಿದ ಮೇಲೆ ಊಟದ ಬಿಲ್ಲಿನ ಜೊತೆಗೆ, ವಸ್ತು ವಾಪಸ್ ಬಂತು ಎಂಬ ಮನೆಯವರ ಸಹಿಯನ್ನೂ ಕೇಳಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂದು ಹೆಸರಿಟ್ಟಿದ್ದಾರೆ. ಅಲ್ಲಿ ಒಂದು ರಿಜಿಸ್ಟರ್ ಇಡಲಿ. ಯಾರ ಮನೆಯಲ್ಲಿ ಯಾವ ಹಳೆಯ ಬರಹ ಇದೆ ಎಂದು, ಅವರ ಒಪ್ಪಿಗೆ ಇದ್ದರೆ, ಬರೆದುಕೊಳ್ಳಲಿ. ಫೋಟೊ ಪ್ರತಿ ಅಲ್ಲಿರಲಿ, ಅಸಲು ಮನೆಯಲ್ಲೇ ಇರಲಿ. ಮನೆಯಲ್ಲಿ ಇಟ್ಟುಕೊಳ್ಳಲಾಗದವರು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿ ಕನ್ನಡ ವಿಶ್ವವಿದ್ಯಾಲಯದಂಥ ಕಡೆ ವಿಚಾರಿಸಿ. ಅಲ್ಲೂ ರಸೀದಿ ಕೇಳಿ ಪಡೆಯಿರಿ.

ಪ್ರದರ್ಶನದಲ್ಲಿ ನೋಡಿ ‘ಇದನ್ನು ಮಾರ್ತೀರಾ?’ ಎಂದು ಮನೆಗೆ ಬರುವವರೂ ಇದ್ದಾರೆ. ಚರಿತ್ರೆ ಅಥವಾ ಸಾಹಿತ್ಯದ ಬೆಲೆಯುಳ್ಳ 75 ವರ್ಷ ದಾಟಿದ ಹಸ್ತಪ್ರತಿ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವುದು, ಖಾಸಗಿಯವರು ಅದನ್ನು ದೇಶದ ಹೊರಗೆ ಸಾಗಿಸುವುದು ಅಪರಾಧ. ಅಂಥವರನ್ನು ಜಗಲಿಯಿಂದಲೇ ವಾಪಸ್ ಕಳಿಸಿ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಫಲ? ಈ ಸಲ ಸಮಿತಿಯವರು ಬಂದಾಗ ಕೂರಿಸಿ, ಕಾಫಿ ಕೊಡಿ. ಆಮೇಲೆ ಎರಡೇ ಪ್ರಶ್ನೆ ಕೇಳಿ: ರಸೀದಿ ಎಲ್ಲಿ? ವಾಪಸ್ ಯಾವತ್ತು? ಉತ್ತರ ಸಿಗುವ ತನಕ ಟ್ರಂಕಿನ ಬೀಗ ತೆಗೆಯಬೇಡಿ.