ಮನೆಯ ಹಿತ್ತಲಲ್ಲೊಂದು ವಿದ್ಯುದಾಗಾರ

ವಾಚಕ ಸೋದರಿಯೊಬ್ಬರು ನಮಗೆ ಹೀಗೆ ಬರೆದಿರುವರು: “ಇಂಧನಕೋಶವೆಂಬ ಯಂತ್ರವನ್ನು ಮನೆಯಲ್ಲಿ ಇಟ್ಟುಕೊಂಡರೆ ವಿದ್ಯುತ್ತು ಬಹಳ ಅಗ್ಗವಾಗಿ ದೊರೆಯುವುದಂತೆ. ನಾಲ್ಕು ವರ್ಷ ಕೂಡಿಟ್ಟ ಹಣವನ್ನು ಅದಕ್ಕೆ ತೊಡಗಿಸಬೇಕೆಂದು ನಮ್ಮ ಯಜಮಾನರು ಯೋಚಿಸುತ್ತಿದ್ದಾರೆ. ಮಾಡಬಹುದೆ?” ಬೆವರು ಸುರಿಸಿ ಕೂಡಿಟ್ಟ ಹಣದ ಮಾತಾದುದರಿಂದ ಎರಡು ವಾಕ್ಯಗಳಲ್ಲಿ ಉತ್ತರಿಸಿ ಮುಗಿಸುವುದು ಸರಿಯಲ್ಲವೆಂದು ಈ ತಿಂಗಳ ಪುಟವನ್ನು ಅದಕ್ಕಾಗಿಯೇ ಮೀಸಲಿಟ್ಟಿರುವೆವು.

ನೀರಿನಲ್ಲಿ ವಿದ್ಯುತ್ತನ್ನು ಹಾಯಿಸಿದರೆ ಅದು ಜಲಜನಕ ಮತ್ತು ಆಮ್ಲಜನಕವೆಂಬ ಎರಡು ಅನಿಲಗಳಾಗಿ ಒಡೆಯುವುದೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಹಾಗಾದರೆ ಆ ಅನಿಲಗಳನ್ನು ಉಪಾಯದಿಂದ ಮರಳಿ ಕೂಡಿಸಿದಾಗ ನೀರಿನೊಡನೆ ವಿದ್ಯುತ್ತೂ ಹುಟ್ಟಬೇಕಲ್ಲವೆ? ಹುಟ್ಟುವುದೆಂಬುದನ್ನು 1839ರಲ್ಲಿಯೇ ವೇಲ್ಸ್ ದೇಶದ ವಿಲಿಯಂ ರಾಬರ್ಟ್ ಗ್ರೋವ್ ಎಂಬಾತನು ಕಂಡುಕೊಂಡನು. ಈತನು ವೃತ್ತಿಯಿಂದ ನ್ಯಾಯವಾದಿ. ಮುಂದೆ ನ್ಯಾಯಾಧೀಶನೂ ಆದನು. ಆತನು ತೋರಿಸಿದ ತತ್ತ್ವವೇ ಇಂದಿನ ಇಂಧನಕೋಶದ ತಳಹದಿ. ಎರಡು ಫಲಕಗಳ ನಡುವೆ ಒಂದು ತೆಳ್ಳನೆಯ ಪೊರೆ. ಒಂದು ಬದಿಯಿಂದ ಜಲಜನಕ, ಮತ್ತೊಂದು ಬದಿಯಿಂದ ಗಾಳಿ. ಜಲಜನಕದಿಂದ ಬೇರ್ಪಟ್ಟ ಎಲೆಕ್ಟ್ರಾನುಗಳು ಪೊರೆಯನ್ನು ದಾಟಲಾರದೆ ತಂತಿಯ ದಾರಿ ಹಿಡಿದು ಸುತ್ತಿಕೊಂಡು ಹೋಗುವುವು. ಆ ಪ್ರವಾಹವೇ ನಮ್ಮ ದೀಪವನ್ನು ಬೆಳಗಿಸುವ ವಿದ್ಯುತ್ತು. ಕೋಶದೊಳಗೆ ಜ್ವಾಲೆಯಿಲ್ಲ, ಹೊಗೆಯಿಲ್ಲ, ತಿರುಗುವ ಚಕ್ರವೂ ಇಲ್ಲ.

ನೂರು ವರ್ಷಕ್ಕೂ ಮಿಕ್ಕಿ ಪ್ರಯೋಗಶಾಲೆಯ ಕೌತುಕವಾಗಿಯೇ ಉಳಿದಿದ್ದ ಈ ಕೋಶವು ಕೊನೆಗೆ ಚಂದ್ರಲೋಕದ ಯಾತ್ರೆಯಲ್ಲಿ ಕೆಲಸಕ್ಕೆ ಬಂದಿತು. 1969ರಲ್ಲಿ ಚಂದ್ರನ ಬಳಿಗೆ ಹೋದ ಅಪೊಲೊ ನೌಕೆಗೆ ವಿದ್ಯುತ್ತನ್ನು ಒದಗಿಸಿದುದು ಇದೇ. ಅದರಿಂದ ಹೊರಬಂದ ನೀರನ್ನೇ ಯಾತ್ರಿಕರು ಕುಡಿದರು. ಆದರೆ ಮರುವರ್ಷ ಅಪೊಲೊ 13ರಲ್ಲಿ ಆಮ್ಲಜನಕದ ತೊಟ್ಟಿ ಸಿಡಿದಾಗ ಕೋಶಗಳು ಒಂದೊಂದಾಗಿ ನಿಂತುಹೋದುವು. ಇದರಲ್ಲಿ ಗೃಹಸ್ಥರಿಗೊಂದು ಪಾಠವಿದೆ. ಇಂಧನಕೋಶವು ಬತ್ತದ ಬಾವಿಯಲ್ಲ, ಅದೊಂದು ಒಲೆ. ಸೌದೆ ಒಡ್ಡುವವರೆಗೆ ಉರಿಯುವುದು, ಸೌದೆ ತೀರಿದರೆ ಆರುವುದು. ಆದುದರಿಂದ ಅಗ್ಗವೋ ದುಬಾರಿಯೋ ಎಂದು ಕೇಳುವವರು ಮೊದಲು ಸೌದೆಯ ಬೆಲೆಯನ್ನು ಕೇಳತಕ್ಕದ್ದು.

ಈ ಒಲೆಯನ್ನು ಮನೆಮನೆಗೆ ತಂದವರಲ್ಲಿ ಜಪಾನಿನವರೇ ಅಗ್ರಗಣ್ಯರು. 2009ರಲ್ಲಿ ಅಲ್ಲಿ ‘ಎನೆ-ಫಾರ್ಮ್’ ಎಂಬ ಹೆಸರಿನಿಂದ ಗೃಹೋಪಯೋಗಿ ಕೋಶಗಳ ಮಾರಾಟವು ಆರಂಭವಾಯಿತು. ಬೀರುವಿನಷ್ಟಿರುವ ಈ ಯಂತ್ರವನ್ನು ಮನೆಯ ಹೊರಗೋಡೆಗೆ ಒತ್ತಿ ನಿಲ್ಲಿಸುವರು. ಅಡಿಗೆಯ ಅನಿಲವೇ ಇದರ ಸೌದೆ. ಅನಿಲವು ಸೋರಿದರೆ ತಿಳಿಯಲೆಂದು ಅದಕ್ಕೆ ಬೆರೆಸಿರುವ ದುರ್ಗಂಧದ ವಸ್ತುವಿನಲ್ಲಿ ಗಂಧಕವಿರುವುದು. ಗಂಧಕವು ಕೋಶಕ್ಕೆ ವಿಷ. ಆದುದರಿಂದ ಮೊದಲು ಅದನ್ನು ಸೋಸಿ ತೆಗೆದು, ಅನಿಲವನ್ನು ಹಬೆಯೊಡನೆ ಕಾಯಿಸಿ ಜಲಜನಕವನ್ನು ಬಿಡಿಸಿಕೊಳ್ಳುವರು. ಇಷ್ಟಾದ ಮೇಲೆ ಸುಮಾರು 700 ವಾಟ್‌ಗಳಷ್ಟು ವಿದ್ಯುತ್ತು ಬರುವುದು.

ಇಲ್ಲಿಯೇ ಮುಖ್ಯವಾದ ಮರ್ಮವಿರುವುದು. ಅನಿಲದಲ್ಲಿರುವ ಶಕ್ತಿಯ ಸುಮಾರು ನೂರಕ್ಕೆ 40 ಪಾಲು ಮಾತ್ರ ವಿದ್ಯುತ್ತಾಗುವುದು. 55 ಪಾಲಿನಷ್ಟು ಶಾಖವಾಗಿ ಹೊರಬರುವುದು. ದೂರದ ಕಲ್ಲಿದ್ದಲ ವಿದ್ಯುದಾಗಾರದಲ್ಲಾದರೆ ಶಾಖದ ಬಹುಭಾಗವು ವ್ಯರ್ಥವಾಗಿ ಹೋಗುವುದು. ಮನೆಯ ಬಾಗಿಲಲ್ಲಿಯೇ ಕೋಶವಿದ್ದರೆ ಆ ಶಾಖದಿಂದ ನೀರು ಕಾಯಿಸಬಹುದು. ಪ್ರತಿದಿನವೂ ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿ ಸ್ನಾನ ಮಾಡುವ, ಕೊರೆಯುವ ಚಳಿಗಾಲವನ್ನು ಕಳೆಯಬೇಕಾದ ಜಪಾನೀಯರಿಗೆ ಇದು ಒಪ್ಪಿದುದರಲ್ಲಿ ಆಶ್ಚರ್ಯವಿಲ್ಲ. ಆದರೂ ಆರಂಭದಲ್ಲಿ ಯಂತ್ರದ ಬೆಲೆ 30 ಲಕ್ಷ ಯೆನ್‌ಗಿಂತ ಹೆಚ್ಚಾಗಿದ್ದಿತು. ಸರ್ಕಾರವು 14 ಲಕ್ಷ ಯೆನ್‌ವರೆಗೆ ಸಹಾಯಧನವನ್ನು ಕೊಟ್ಟುದರಿಂದಲೇ ಜನರು ಮುಂದೆ ಬಂದರು. ಹತ್ತು ವರ್ಷಗಳಲ್ಲಿ ಬೆಲೆಯು ಸುಮಾರು ಮೂರರಲ್ಲೊಂದು ಭಾಗಕ್ಕೆ ಇಳಿಯಿತು. ಇನ್ನೊಂದು ಸಂಗತಿ: 2011ರ ಮಹಾ ಭೂಕಂಪದ ಸಮಯದಲ್ಲಿ ಊರಿನ ವಿದ್ಯುತ್ತು ನಿಂತಾಗ ಆಗಿನ ಯಂತ್ರಗಳೂ ನಿಂತುವು, ಏಕೆಂದರೆ ತಮ್ಮ ಪಂಪುಗಳನ್ನು ನಡೆಸಲು ಅವು ಊರಿನ ತಂತಿಯನ್ನೇ ನೆಚ್ಚಿದ್ದುವು. ಕತ್ತಲಲ್ಲಿಯೂ ತಾವಾಗಿ ನಡೆಯುವ ಮಾದರಿಗಳು ಅನಂತರ ಬಂದುವು.

ಇನ್ನು ನಮ್ಮ ಮನೆಯ ಲೆಕ್ಕವನ್ನು ಹಾಕೋಣ. ಪೆನ್ಸಿಲು ಹಿಡಿದು ಕೂಡಿರಿ. 14.2 ಕಿಲೋಗ್ರಾಂ ಅಡಿಗೆಯ ಅನಿಲದಲ್ಲಿ ಸುಮಾರು 180 ಯೂನಿಟ್ಟುಗಳಷ್ಟು ಶಕ್ತಿಯಿದೆ. ಅದರಲ್ಲಿ ನೂರಕ್ಕೆ 40 ಪಾಲೆಂದರೆ 72 ಯೂನಿಟ್ಟು ವಿದ್ಯುತ್ತು. ಸಿಲಿಂಡರಿಗೆ 900 ರೂಪಾಯಿ ಎಂದು ಹಿಡಿದರೆ ಯೂನಿಟ್ಟೊಂದಕ್ಕೆ ಹನ್ನೆರಡೂವರೆ ರೂಪಾಯಿ ಬೀಳುವುದು. ತಮ್ಮ ಬಿಲ್ಲಿನ ದರವನ್ನು ಪಕ್ಕದಲ್ಲಿಟ್ಟು ನೋಡಿರಿ. ಇಷ್ಟಕ್ಕೇ ನಿರಾಶರಾಗಬೇಡಿರಿ, ಶಾಖದ ಲೆಕ್ಕವಿನ್ನೂ ಉಳಿದಿದೆ. ಅದೇ ಸಿಲಿಂಡರಿನಿಂದ ಬರುವ ಶಾಖವು 20 ಲೀಟರಿನ ಸುಮಾರು 200 ಬಕೆಟ್ಟು ನೀರನ್ನು ಸ್ನಾನಕ್ಕಾಗುವಷ್ಟು ಬೆಚ್ಚಗೆ ಮಾಡಬಲ್ಲುದು. ಅಷ್ಟು ನೀರನ್ನು ವಿದ್ಯುತ್ ಗೀಸರಿನಲ್ಲಿ ಕಾಯಿಸಲು 90 ಯೂನಿಟ್ಟುಗಳಿಗೂ ಮಿಕ್ಕಿ ಬೇಕು. ಅದನ್ನೂ ಉಳಿತಾಯವೆಂದು ಸೇರಿಸಿದರೆ ಯೂನಿಟ್ಟಿನ ಬೆಲೆ ಐದೂವರೆ ರೂಪಾಯಿಗೆ ಇಳಿಯುವುದು. ಅಂದರೆ ಬಿಸಿನೀರನ್ನೆಲ್ಲ ಬಳಸುವ ದೊಡ್ಡ ಕುಟುಂಬಕ್ಕೆ ಇದು ಹಿತ. ಮಾಳಿಗೆಯ ಮೇಲೆ ಸೂರ್ಯನ ಶಾಖದಿಂದ ನೀರು ಕಾಯಿಸಿಕೊಳ್ಳುತ್ತಿರುವವರಿಗೆ ಬರಿಯ ಹೊರೆ.

ಆದರೆ ಇದು ಸೌದೆಯ ಲೆಕ್ಕವಷ್ಟೆ. ಒಲೆಯ ಬೆಲೆ ಇದರಲ್ಲಿ ಸೇರಿಲ್ಲ. ಜಪಾನಿನ ಇಳಿದ ಬೆಲೆಯೇ ನಮ್ಮ ನಾಣ್ಯದಲ್ಲಿ ಐದು ಲಕ್ಷ ರೂಪಾಯಿಗೂ ಮೇಲಾಗುವುದು. ತಿಂಗಳಿಗೆ 1,000 ರೂಪಾಯಿ ಉಳಿಯಿತೆಂದೇ ಇಟ್ಟುಕೊಂಡರೂ ಅಸಲು ತೀರಲು ನಲವತ್ತೊಂದು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯುವುದು. ಯಂತ್ರವಾದರೋ ಹತ್ತು ಹನ್ನೆರಡು ವರ್ಷಗಳ ಬಾಳಿಕೆಗೆಂದು ರಚಿತವಾದುದು. ಮಗನ ಕಾಲಕ್ಕೆ ಲಾಭ ಬರುವುದೆನ್ನೋಣವೆಂದರೆ ಅಷ್ಟರಲ್ಲಿ ಯಂತ್ರವನ್ನೇ ಮೂರು ಬಾರಿ ಬದಲಾಯಿಸಬೇಕಾಗುವುದು!

“ಅನಿಲವೇಕೆ? ಬಿಸಿಲಿನಿಂದ ಜಲಜನಕವನ್ನು ನಾವೇ ತಯಾರಿಸಿಕೊಂಡರಾಗದೆ?” ಎಂದು ಕೆಲವರು ಕೇಳಬಹುದು. ಆಗಬಹುದು, ಆದರೆ ನಷ್ಟವನ್ನು ನೋಡಿರಿ. ಒಂದು ಕಿಲೋಗ್ರಾಂ ಜಲಜನಕವನ್ನು ನೀರಿನಿಂದ ಬಿಡಿಸಲು 50 ಯೂನಿಟ್ಟುಗಳಿಗೆ ಕಡಿಮೆಯಿಲ್ಲದಷ್ಟು ವಿದ್ಯುತ್ತು ಬೇಕು. ಅದನ್ನೇ ಕೋಶಕ್ಕೆ ಕೊಟ್ಟರೆ ಮರಳಿ ಬರುವುದು ಸುಮಾರು 16 ಯೂನಿಟ್ಟು. ಮೂರು ಸೇರು ಅಳೆದುಕೊಟ್ಟು ಒಂದು ಸೇರನ್ನು ಮರಳಿ ಪಡೆದಂತಾಯಿತು. ಒಳ್ಳೆಯ ಬ್ಯಾಟರಿಯಾದರೆ ಇಟ್ಟುದರಲ್ಲಿ ಹತ್ತಕ್ಕೆ ಒಂಬತ್ತು ಪಾಲನ್ನು ಹಿಂದಕ್ಕೆ ಕೊಡುವುದು.

ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಕೆ. ಆರ್. ಶ್ರೀಧರ್ ಅವರು 2010ರಲ್ಲಿ, ಐದರಿಂದ ಹತ್ತು ವರ್ಷಗಳೊಳಗೆ ಮನೆಗೊಂದು ಕೋಶವನ್ನು 3,000 ಡಾಲರಿಗೂ ಕಡಿಮೆ ಬೆಲೆಗೆ ಒದಗಿಸುವ ಆಶೆಯನ್ನು ಜಗತ್ತಿನ ಮುಂದೆ ಹೇಳಿಕೊಂಡರು. ಅವರ ಯಂತ್ರಗಳು ದೊಡ್ಡ ದೊಡ್ಡ ಕಚೇರಿಗಳಲ್ಲಿ ಕೆಲಸ ಮಾಡುತ್ತಿರುವುವು. ಮನೆಗಾಗಿ ಹೇಳಿದ ಪೆಟ್ಟಿಗೆಯಾದರೋ ಹೇಳಿದ ಗಡುವಿನೊಳಗೆ ಬರಲಿಲ್ಲ. ಆಶೆಯು ಸುಳ್ಳೆಂದು ನಾವು ಹೇಳುವುದಿಲ್ಲ. ಆಶೆಗೂ ಅಂಗಡಿಯಲ್ಲಿ ದೊರೆಯುವ ಸರಕಿಗೂ ನಡುವೆ ಬಹಳ ದೂರವಿರುವುದೆಂದಷ್ಟೇ ನಮ್ಮ ಅಭಿಪ್ರಾಯ.

ಆದುದರಿಂದ ಸೋದರಿಗೆ ನಮ್ಮ ಉತ್ತರವಿಷ್ಟು: ಸದ್ಯಕ್ಕೆ ಆ ಹಣವನ್ನು ಇಂಧನಕೋಶಕ್ಕೆ ತೊಡಗಿಸಬೇಡಿರಿ. ಬಿಲ್ಲು ಇಳಿಯಬೇಕೆಂಬುದೇ ಮನೋರಥವಾದರೆ ಮೊದಲು ಮಾಳಿಗೆಯ ಬಿಸಿಲನ್ನು ಬಳಸಿರಿ. 2024ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿನ ಫಲಕಗಳಿಗೆ 78,000 ರೂಪಾಯಿಯವರೆಗೆ ಸಹಾಯಧನವು ಗೊತ್ತಾಯಿತು; ಅದರ ನಿಯಮಗಳನ್ನು ವಿಚಾರಿಸಿ ತಿಳಿದುಕೊಳ್ಳುವುದು ಒಳಿತು. ಮುಂದೆ ಯಾರಾದರೂ ಕೋಶವನ್ನು ಮಾರಲು ಬಾಗಿಲಿಗೆ ಬಂದರೆ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿರಿ: ಇದಕ್ಕೆ ಸೌದೆ ಯಾವುದು, ಅದರ ಬೆಲೆಯೇನು? ಇದರ ಶಾಖವನ್ನು ನಮ್ಮ ಮನೆಯಲ್ಲಿ ಯಾವುದಕ್ಕೆ ಬಳಸುವುದು? ಊರಿನ ವಿದ್ಯುತ್ತು ಹೋದಾಗ ಇದು ನಡೆಯುವುದೆ? ಮೂರಕ್ಕೂ ಸಮಾಧಾನಕರವಾದ ಉತ್ತರವು ಬರುವ ದಿನ ಗ್ರೋವ್ ಮಹಾಶಯನ ಕನಸು ನಮ್ಮ ಹಿತ್ತಲಿಗೂ ಬಂದೀತು. ಅಲ್ಲಿಯವರೆಗೆ ಹಾಸಿಗೆಯಿದ್ದಷ್ಟು ಕಾಲು ಚಾಚುವುದೇ ಜಾಣತನ.