ಹಯಾತೀಚಾ ದಾಖಲಾ

ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಬಾಳೆಲ್ಲ ಪಾಠ ಹೇಳಿದ ಶಿಕ್ಷಕನು ತೀರಿಕೊಂಡಾಗ ಆತನ ಪತ್ನಿಗೆ ಸಲ್ಲುವ ಕುಟುಂಬ ನಿವೃತ್ತಿವೇತನವು ಯಾರ ದಯೆಯೂ ಅಲ್ಲ. 1982ರ ಮಹಾರಾಷ್ಟ್ರ ನಾಗರಿಕ ಸೇವಾ ನಿವೃತ್ತಿವೇತನ ನಿಯಮಗಳು ಕೊಟ್ಟ ಹಕ್ಕು. ಕೊನೆಯ ವೇತನದ ಪ್ರತಿಶತ 30 ಅದರ ಸಾಮಾನ್ಯ ಪ್ರಮಾಣ. ಶಿಕ್ಷಕಿ ತೀರಿಕೊಂಡರೆ ಪತಿಗೂ ಅದೇ ನ್ಯಾಯ.

ಆದರೆ ಹಕ್ಕು ಬರುವುದು ಕಾಗದದ ದಾರಿಯಿಂದ, ಆ ಕಾಗದವು ಮರಾಠಿಯಲ್ಲಿದೆ. ಕನ್ನಡವನ್ನಷ್ಟೇ ಓದಬಲ್ಲ ವೃದ್ಧೆಯು ಪ್ರತಿವರ್ಷ ನವೆಂಬರಿನಲ್ಲಿ ‘ಹಯಾತೀಚಾ ದಾಖಲಾ’ ಸಲ್ಲಿಸಿ, ತಾನಿನ್ನೂ ಬದುಕಿರುವೆನೆಂದು ತಿಳಿಸಬೇಕು. ಪತಿಯ ಸೇವಾಪುಸ್ತಕದಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಇದ್ದರಂತೂ ಅಲೆದಾಟ ತಪ್ಪದು. ಗಂಗವ್ವನು ಮರಾಠಿ ಲೇಖನಿಯಲ್ಲಿ ಗಂಗಾಬಾಯಿ ಆಗುವುದು ಈ ಸೀಮೆಗೆ ಹೊಸದೇನಲ್ಲ!

2005ರ ನವೆಂಬರ್ 1ರಿಂದ ಸೇವೆಗೆ ಸೇರಿದವರ ಪಾಡು ಬೇರೆ. ಹಳೆಯ ಯೋಜನೆ ಅವರಲ್ಲಿ ಹೆಚ್ಚಿನವರಿಗಿಲ್ಲ. 2023ರ ಮಾರ್ಚ್ 14ರಿಂದ ರಾಜ್ಯದ ನೌಕರರು ಒಂದು ವಾರ ಮುಷ್ಕರ ಹೂಡಿದ್ದು ಅದಕ್ಕಾಗಿಯೇ. ಸೇವೆಯಲ್ಲಿರುವಾಗ ಮೃತರಾದವರ ಕುಟುಂಬಕ್ಕೆ ನಿವೃತ್ತಿವೇತನ ದೊರೆಯುವ ವ್ಯವಸ್ಥೆ ಆ ವರ್ಷವೇ ಆಯಿತು. ತಡವಾಯಿತೆನ್ನದೆ ವಿಧಿಯಿಲ್ಲ.

ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ಎರಡೂ ಭಾಷೆ ಬಲ್ಲವರು. ಭಾಷಾಂತರಕ್ಕೆ ಯಾವಾಗಲೂ ಕಥೆ, ಕವಿತೆಗಳನ್ನೇ ಏಕೆ ಆರಿಸಬೇಕು? ಈ ಅರ್ಜಿ ನಮೂನೆಗಳನ್ನು ಕನ್ನಡಿಸಿದರೆ ಅದೂ ಭಾಷಾಸೇವೆಯೇ. ಜೊತೆಗೆ, ತಮ್ಮ ಊರಿನ ನಿವೃತ್ತ ಗುರುಗಳ ಮನೆಗೆ ಹೋಗಿ, ದಂಪತಿಗಳಿಬ್ಬರೂ ಇರುವಾಗಲೇ ನಿವೃತ್ತಿವೇತನದ ಆದೇಶಪತ್ರದಲ್ಲಿರುವ ಪತ್ನಿಯ ಹೆಸರನ್ನು ಆಧಾರಿನೊಡನೆ ತಾಳೆ ನೋಡಿಕೊಡಬಹುದು.